ಮಿನಿ ಬಸ್ಸು

ಘಾಟಿಯ ಬಾಯಲ್ಲಿ ಗೇಟಿನವನು ಬಗ್ಗಿ ನೋಡಿ ಬಿಟ್ಟ:
ಮಿನಿ ಬಸ್ಸು, ಹೋಗಬಹುದು.
ದೊಡ್ಡದಾಗಿದ್ದರೆ ಹುಲಿಕಲ್ ಸುತ್ತಿಕೊಂಡು ಇಳಿಯಬೇಕಿತ್ತು.
ಆಗುಂಬೆಗೆ ಹದಿನಾಲ್ಕು ತಿರುವು. ನನ್ನ ಮಂಡಿ
ಮುಂದಿನ ಸೀಟಿನ ಬೆನ್ನಿಗೆ, ಅಂದರೆ ಸೆಲ್ವಂನ ಬೆನ್ನಿಗೆ.
"ಒಳಗೆ ಎಳಕೋ ಮಾರಾಯ," ಅಂದ.
ಎಲ್ಲಿಗೆ ಎಳಕೊಳ್ಳಲಿ?
ಆರಡಿ ಒಂಬತ್ತಿಂಚು. ಭದ್ರಾವತಿಯ ದರ್ಜಿ
ನನಗೆ ಒಂದೂವರೆ ಪ್ಯಾಂಟಿನ ಬಟ್ಟೆ ಕೇಳುತ್ತಾನೆ.
ಕ್ಲಬ್ಬಿನವರು ಸಂಬಳ ಕೊಟ್ಟು ಇಟ್ಟುಕೊಂಡದ್ದೂ ಅದಕ್ಕೇ.

ಮೊದಲ ಪಂದ್ಯ ಉಡುಪಿಯವರಿಗೆ ಸೋತೆವು, ಹದಿನೇಳು ಪಾಯಿಂಟು.
ಅವರ ಲಾಯ್ಡ್ ಕ್ವಾಡ್ರಸ್, ನನಗಿಂತ ಒಂದು ಬೆರಳು ಎತ್ತರ,
ರಿಂಗಿನ ಕೆಳಗೆ ಗೂಟ ಹೊಡೆದ ಹಾಗೆ ನಿಂತ.
ನಾನೂ ನಿಂತೆ. ಎರಡು ಕೋಣ
ಒಂದೇ ಕೊಟ್ಟಿಗೆಯ ಬಾಗಿಲಲ್ಲಿ ಸಿಕ್ಕಿಕೊಂಡ ಹಾಗೆ;
ನಮ್ಮ ಹುಡುಗರಿಗೆ ಒಳಗೆ ಹೋಗಲು ದಾರಿಯೇ ಇಲ್ಲ.

ವೀರಭದ್ರಾಚಾರ್ ಸರ್ ಮೂವತ್ತು ವರ್ಷ
ಕಾರ್ಖಾನೆಯ ಲೇತಿನ ಮುಂದೆ ನಿಂತವರು.
ಎರಡನೇ ಪಂದ್ಯದ ದಿನ, ಶಿವಮೊಗ್ಗದಲ್ಲಿ,
ಹತ್ತಿರ ಕರೆದು ಹೇಳಿದರು:
"ಶಾಫ್ಟು ಬೇರಿಂಗಿನಲ್ಲಿ ಕೂರದಿದ್ದರೆ
ಸುತ್ತಿಗೆ ತಗೊಳ್ಳೋದಲ್ಲ. ಒಂದು ಕೂದಲಷ್ಟು ತೆಗೀಬೇಕು."
ತೆಗೆದ ಕೂದಲು
ಆರಡಿ ಒಂಬತ್ತಿಂಚು.

ಬೆಂಚಿನಲ್ಲಿ ಕೂತೆ, ಹೆಗಲಿಗೆ ಟವೆಲ್.
ನನ್ನ ಜಾಗಕ್ಕೆ ಇರ್ಫಾನ್: ಆರಡಿಗೆ ಒಂದಿಂಚು ಕಮ್ಮಿ,
ಸೊಂಟ ಮಾತ್ರ ಒರಳುಕಲ್ಲು.
ಐದೂ ಜನ ಕುಳ್ಳರು, ಐದೂ ಜನ ದೂರದಿಂದ ಎಸೆಯಬಲ್ಲವರು.
ಲಾಯ್ಡ್ ಈಗ ಯಾರನ್ನು ಕಾಯಬೇಕು?
ರಿಂಗು ಬಿಟ್ಟು ಗೆರೆಯವರೆಗೂ ಬಂದ,
ಮನೆ ಕಾಯುವ ನಾಯಿ ರಸ್ತೆಗೆ ಬಂದು ಬೊಗಳಿದಂತೆ.
ಹಿಂದೆ ಬಾಗಿಲು ತೆರೆದೇ ಇತ್ತು.
ಪುಟ್ಯಾ ನಾಯ್ಕ ನುಗ್ಗಿದ, ಮತ್ತೆ ನುಗ್ಗಿದ.

ಸುಲಭವೇನಿರಲಿಲ್ಲ. ಎರಡನೇ ಕ್ವಾರ್ಟರಿನಲ್ಲಿ
ತಪ್ಪಿದ ಚೆಂಡೆಲ್ಲ ಲಾಯ್ಡನ ಕೈಗೇ.
ಒಂಬತ್ತು ಪಾಯಿಂಟು ಹಿಂದೆ. ಗ್ಯಾಲರಿಯಿಂದ ಯಾರೋ
"ಲೈಟು ಕಂಬಾ, ಏಳೋ!" ಅಂತ ಕೂಗಿದರು. ಅದು ನಾನೇ.
ಟ್ರ್ಯಾಕ್‌ಪ್ಯಾಂಟಿನ ಗುಂಡಿ ಅರ್ಧ ಬಿಚ್ಚಿಯಾಗಿತ್ತು.
ಸರ್ ತಿರುಗಿಯೂ ನೋಡಲಿಲ್ಲ.
ಇರ್ಫಾನನಿಗೆ ಇಷ್ಟೇ ಅಂದರು: "ಚೆಂಡು ನಿಂಗೆ ಸಿಗೋದು ಬೇಡ,
ಅವನಿಗೆ ಸಿಗಬಾರದು."
ಆಮೇಲೆ ಇರ್ಫಾನ್ ಹಾರಲೇ ಇಲ್ಲ.
ಲಾಯ್ಡನ ತೊಡೆಗೆ ಬೆನ್ನು ಕೊಟ್ಟು ನೂಕಿದ,
ಕೆಟ್ಟು ನಿಂತ ಜೀಪು ನೂಕುವವನಂತೆ.
ಚೆಂಡು ನೆಲಕ್ಕೆ ಬಿತ್ತು.
ನೆಲದ ಚೆಂಡು ಕುಳ್ಳರದ್ದು.

ಅಂಕಣ ಅಷ್ಟು ಅಗಲವಿದೆ ಅಂತ
ನನಗೆ ಗೊತ್ತಾದದ್ದು ಬೆಂಚಿನಿಂದ.
ಒಳಗಿದ್ದಾಗ ನನ್ನ ಬೆನ್ನೇ ಅಡ್ಡವಿತ್ತು,
ನನಗೂ.

ಕೊನೆಯ ನಾಲ್ಕು ನಿಮಿಷ. ಲಾಯ್ಡ್ ಸೊಂಟ ಹಿಡಿದು ನಿಂತ.
ಆ ಉಸಿರು ನನಗೆ ಗೊತ್ತು, ನನ್ನದೂ ಹಾಗೇ ಏದುತ್ತದೆ.
ಅವರ ಕೋಚೂ ಅವನನ್ನು ಕೂರಿಸಿದರು.
ಲೆಕ್ಕದ ಮೇಜಿನ ಆಚೆ ಅವನು, ಈಚೆ ನಾನು,
ಮಡಚಿಟ್ಟ ಎರಡು ಏಣಿ.
ಎರಡೇ ಪಾಯಿಂಟಿನಲ್ಲಿ ಗೆದ್ದೆವು. ನಾನೂ ಕುಣಿದೆ.
ಕುಣಿದದ್ದು ಪೂರ್ತಿ ನಿಜವಲ್ಲ,
ಪೂರ್ತಿ ಸುಳ್ಳೂ ಅಲ್ಲ.

ಏಳನೇ ತಿರುವು. ಡ್ರೈವರ್ ಹೊನ್ನಯ್ಯ ಹಾರ್ನ್ ಹೊಡೆದ,
ಕೆಳಗಿಂದ ಏರುತ್ತಿದ್ದ ಕಾರು ನಿಂತು ದಾರಿ ಬಿಟ್ಟಿತು.
ಮೂರನೇ ಪಂದ್ಯ ಸಂಜೆ ಆರಕ್ಕೆ, ಅವರ ಊರಲ್ಲಿ.
ಸರ್ ಮುಂದೆ ಕೂತು ಟೋಲ್ ಚೀಟಿಯ ಹಿಂಬದಿ
ಏನೋ ಬರೆಯುತ್ತಿದ್ದಾರೆ. ಹೆಸರುಗಳಿರಬೇಕು, ಐದು ಸಾಲಿದೆ.
ಒಂದು ಯಂತ್ರಕ್ಕೆ ಕೂತದ್ದು ಇನ್ನೊಂದಕ್ಕೆ ಕೂರಲೇಬೇಕೆಂದಿಲ್ಲ,
ಇದೂ ಅವರದೇ ಮಾತು.
ಇವತ್ತು ಅವರೂ ಕುಳ್ಳರನ್ನೇ ಇಳಿಸಿದರೆ
ನಾನು ಬೇಕಾಗಬಹುದು. ಬೇಡವಾಗಲೂಬಹುದು.
ನನ್ನ ಕತ್ತು ಉದ್ದ, ತುಸು ಚಾಚಿದರೆ ಕಾಣುತ್ತದೆ.
ಚಾಚಲಿಲ್ಲ.
ಮಂಡಿಯನ್ನು ಹೇಗೋ ಒಂದಿಂಚು ಒಳಗೆ ಎಳೆದುಕೊಂಡೆ.
ಸೆಲ್ವಂ ನಿದ್ದೆ ಹೋದ.